ವೀರೇಂದ್ರನ ಮನೆಯ ಕರೆಂಟು

ವೀರೇಂದ್ರ,

ಇವತ್ತು ಬೆಳಿಗ್ಗೆ ಸಿಂಧನೂರಿನ ನನ್ನ ಮನೆಯಲ್ಲಿ ಕರೆಂಟ್ ಹೋಗಿ, ಒಂಬತ್ತರ ಆನ್‌ಲೈನ್ ಮೀಟಿಂಗಿಗೆ ತಡವಾಯಿತು. ಮೊಬೈಲಿನಿಂದ ಸೇರಿಕೊಂಡಾಗ ನಮ್ಮ ಕೆಲಸ ನೋಡಿಕೊಳ್ಳುವ ಲಿಂಗಸುಗೂರಿನ ದಾನೇಶ್ವರಿ ಮೇಡಂ ಕೇಳುತ್ತಿದ್ದರು: “ಜಾಹೀದ್ ಎಲ್ಲಿ ಹೋಗ್ಯಾನ? ಯಾರಿಗರ ಗೊತ್ತೈತೇನ್ರಿ?”

ಆರು ಜನ ಅವರವರ ಮನೆಯಲ್ಲೇ ಕೂತು, ರೆಕಾರ್ಡಿಂಗ್ ಕೇಳಿ ಟೈಪ್ ಮಾಡುತ್ತಿದ್ದವರು ನಾವು. ನೀನು ಮಸ್ಕಿಯಲ್ಲಿ ಹತ್ತರವರೆಗೂ ಮಲಗಿರುತ್ತಿದ್ದೆ. ಎರಡು ವರ್ಷ ನಾನೇ, “ವೀರೇಂದ್ರನ ಮನ್ಯಾಗ ಕರೆಂಟ್ ಹೋಗೈತ್ರಿ ಮೇಡಂ” ಎಂದು ನಿನ್ನನ್ನು ಕಾಪಾಡಿದೆ. ನಿನ್ನ ಪಾಲಿನ ಫೈಲುಗಳನ್ನೂ ಎಷ್ಟೋ ಸಲ ಮುಗಿಸಿದೆ. ಸಂಜೆ ನೀನು ಫೋನ್ ಮಾಡಿ, “ನೀ ಅದೀ ಅಂತ ನಾ ಅದೀನಿ ನೋಡಲೇ” ಎಂದು ನಗುತ್ತಿದ್ದೆ.

ನೀನು ಮೀಟಿಂಗಿಗೆ ಬರದಿದ್ದ ಆ ಸೋಮವಾರ, ಮೇಡಂ ನಿನ್ನನ್ನು ಕೇಳಿದಾಗ ನನಗೆ ಸಾಕಾಗಿ ಹೋಗಿತ್ತು. “ಕರೆಂಟ್ ಗಿರೆಂಟ್ ಏನೂ ಹೋಗಿಲ್ರಿ, ಮಕ್ಕೊಂಡಾನ” ಎಂದುಬಿಟ್ಟೆ. ಅಂದೇ ನಿನ್ನನ್ನು ಕೆಲಸದಿಂದ ತೆಗೆದರು.

ಮೂರನೇ ದಿನ ನಿನ್ನ ಮೆಸೇಜು ಬಂತು: “ಅವತ್ತು ಖರೇನ ಹೋಗಿತ್ತಲೇ ಜಾಹೀದ್. ಗಾಳಿಗೆ ಕಂಬ ಬಿದ್ದಿದ್ವು.” ಬೈಗುಳ ಒಂದೂ ಇರಲಿಲ್ಲ. ಆಮೇಲೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದೆ. ಆ ಮೆಸೇಜನ್ನು ಮೇಡಂಗೆ ತೋರಿಸಬಹುದಿತ್ತು. ಈಗಲೂ ಅದು ನನ್ನ ಫೋನಿನಲ್ಲೇ ಇದೆ.

ಇವತ್ತು ಮೇಡಂ ಎರಡನೇ ಸಲ ನನ್ನ ಹೆಸರು ಕೂಗಿದಾಗ ಗಡಿಬಿಡಿಯಲ್ಲಿ ಮೈಕ್ ಒತ್ತಿದೆ. ಬಾಯಿಗೆ ರೂಢಿಯ ಮಾತೇ ಬಂತು: “ವೀರೇಂದ್ರನ ಮನ್ಯಾಗ ಕರೆಂಟ್ ಹೋಗೈತ್ರಿ ಮೇಡಂ.”

ಯಾರೂ ನಗಲಿಲ್ಲ.

ಜಾಹೀದ್