ಹಸಿರು ಸ್ವೆಟರಿನ ಸೀಟು

ಇವಳೇ,

ನೀನಿದ್ದಾಗಲೂ, ನೀನು ತೀರಿಹೋದ ಮೇಲೂ ಒಂದು ನಟ್ಟನ್ನೂ ಬದಲಿಸಲು ಬಿಡದೆ ನಾನು ಕಾಪಾಡಿಕೊಂಡು ಬಂದ ಹಳೇ ಮೋಟಾರ್‌ಸೈಕಲ್ಲನ್ನು ನಿನ್ನ ಮಗ ಬಿಚ್ಚಿಸಿ, ಸ್ಟ್ರೀಟ್ ಟ್ರ್ಯಾಕರ್ ಅಂತೆ, ಆ ರೇಸ್ ಬೈಕಿನ ಮಾದರಿಗೆ ಬದಲಾಯಿಸುತ್ತಿದ್ದಾನೆ. ಅಗಲವಾದ ಹ್ಯಾಂಡಲ್, ಮೋಟು ಮಡ್‌ಗಾರ್ಡ್, ಒಬ್ಬರಿಗಷ್ಟೇ ಸೀಟು. ಬಾಲ ಕತ್ತರಿಸಿದ ನಾಯಿಯ ಹಾಗಿದೆ. ಟೈಮ್ ಅಂಡ್ ಟೈಡ್ ವೇಟ್ ಫಾರ್... ಮುಂದಿನದು ಮರೆತೆ. ಕಾಲೇಜಿನಲ್ಲೂ ಅಲ್ಲಿಗೇ ನಿಲ್ಲುತ್ತಿತ್ತು.

ಇವತ್ತು ಮೆಕ್ಯಾನಿಕ್ ಹಳೇ ಸೀಟಿನ ಹೊದಿಕೆ ಬಿಚ್ಚಿದ. ಹಿಂದಿನ ಅರ್ಧದಲ್ಲಿ, ಸ್ಪಂಜಿನ ಮೇಲೆ, ನಿನ್ನ ಹಸಿರು ಸ್ವೆಟರ್ ಮಡಿಸಿಟ್ಟು ಹೊಲಿದಿತ್ತು.

“ಎಲ್ಲಾ ಒರಿಜಿನಲ್ ಅಂದ್ರಲ್ಲ ಯಜಮಾನ್ರೇ?” ಎಂದು ನಕ್ಕ.

“ಅಮ್ಮ ಹೊಲಿದಿದ್ದು,” ಎಂದ ಮಗ. “ಸೊಂಟ ನೋವು, ಸೀಟು ಬದಲಾಯಿಸಿ ಅಂದ್ರೆ ನೀನೆಲ್ಲಿ ಕೇಳ್ತಿದ್ದೆ? ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದು ನಾನೇ.”

ಅಂದರೆ ಮನೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಕಂಡಕಂಡವರ ಮುಂದೆ ‘ಒಂದು ದಾರವೂ ಬದಲಾಗಿಲ್ಲ’ ಎಂದು ನಾನು ಕೊಚ್ಚಿಕೊಳ್ಳುವಾಗ, ನೀನು ಅದರ ಮೇಲೇ ಕೂತು ಹೂಂಗುಟ್ಟುತ್ತಿದ್ದೆ. ಇನ್ನೊಂದು ಸಲ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮೆಕ್ಯಾನಿಕ್ ಆ ಸ್ವೆಟರಿನಲ್ಲೇ ಗ್ರೀಸಿನ ಕೈ ಒರೆಸಿಕೊಳ್ಳಲು ಹೋದ. ಕಿತ್ತುಕೊಂಡು ಮನೆಗೆ ತಂದೆ.

ಹೊಸ ಸೀಟು ಬೆರಳು ದಪ್ಪ ಇದೆ, ಅಷ್ಟೇ. ಹಿಂದೆ ಜಾಗವೇ ಇಲ್ಲ. ಇನ್ನು ಯಾರ ಸೊಂಟವೂ ನೋಯುವುದಿಲ್ಲ.