ಹಾಲಿನ ಜೊತೆ ಮೂರು ಮಾತ್ರೆ

ಲಿಯೊಂಗಾಥಾ
ಜುಲೈ ೧೪

ಪ್ರೀತಿಯ ಗ್ಲೆನಿಸ್,

ಅಮ್ಮ ಯಾಕೆ ಫೋನಿಗೆ ಬರುತ್ತಿಲ್ಲ, ನನ್ನ ಹೆಸರೂ ಮರೆತಳಾ ಎಂದು ಕೇಳಿದ್ದೀಯ. ಮರೆತಿಲ್ಲ ಮಾರಾಯ್ತಿ. ಅವಳಿಗೆ ಈಗ ಎಲ್ಲ ನೆನಪಿದೆ. ಐದು ತಿಂಗಳ ಹಿಂದೆ ವೃದ್ಧಾಶ್ರಮಕ್ಕೆ ಸೇರಿಸುವಾಗ ನನ್ನನ್ನು ಯಾರೋ ನೆರೆಮನೆಯವಳು ಅಂದುಕೊಂಡಿದ್ದವಳು, ಮೊನ್ನೆ ನನ್ನ ತಲೆ ನೋಡಿ, "ಇದ್ಯಾವ ಬಣ್ಣ ಬಳ್ಕೊಂಡಿದೀಯೇ, ತುಕ್ಕು ಹಿಡಿದ ತಗಡಿನ ಥರ ಇದೆ" ಅಂದಳು. ಅವಳೆದುರು ನಕ್ಕೆ. ಆಮೇಲೆ ಕಾರಿನಲ್ಲಿ ಕೂತು ಅತ್ತೆ.

ಏನಾಯಿತು ಎಂದು ಹೇಳುತ್ತೇನೆ, ಓದಿ ಮುಗಿಸುವ ತನಕ ಸಿಟ್ಟು ಮಾಡಿಕೊಳ್ಳಬೇಡ.

ಅಪ್ಪ ಹೋದ ಮೇಲೆ ಡೈರಿಯೂ ಅಮ್ಮನೂ ನನ್ನ ಪಾಲಿಗೆ ಬಂದರು. ಸುಣ್ಣದ ಪುಡಿ, ಮೆಗ್ನೀಷಿಯಂ, ಉಪ್ಪು ಎಲ್ಲವನ್ನೂ ಹಿಂಡಿಗೆ ಕಲಸಿ, ಹಾಲು ಕರೆಯುವ ಹೊತ್ತಿಗೇ ಹಸುಗಳ ಮುಂದೆ ಸುರಿಯುವುದು ನಮ್ಮ ರೂಢಿ ತಾನೆ? ಅಮ್ಮನಿಗೂ ಹಾಗೇ ಮಾಡಿದೆ. ಥೈರಾಯ್ಡ್ ಮಾತ್ರೆ, ಮೂಳೆಗೆಂದು ಕ್ಯಾಲ್ಸಿಯಂ, ರಕ್ತಕ್ಕೆಂದು ಕಬ್ಬಿಣದ ಮಾತ್ರೆ, ಮೂರನ್ನೂ ಒಟ್ಟಿಗೆ ಅಂಗೈಗೆ ಹಾಕಿ, ಬಿಸಿ ಹಾಲಿನ ಲೋಟ ಕೊಟ್ಟು, ನುಂಗುವ ತನಕ ನಿಂತು ನೋಡುತ್ತಿದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಅದೊಂದು ಹೆಮ್ಮೆ ಬೇರೆ ನನಗೆ.

ಅಮ್ಮ ಮಂಕಾಗುತ್ತಾ ಬಂದಳು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದಳು, ಕೂತಲ್ಲೇ ತೂಕಡಿಸುತ್ತಿದ್ದಳು, ಹಸುಗಳ ಹೆಸರು ಮರೆತಳು. ರಕ್ತ ಪರೀಕ್ಷೆ ಮಾಡಿಸು ಎಂದು ನೀನು ದೂರದ ಡಾರ್ವಿನ್ ಊರಿನಿಂದ ಹೇಳಿದಾಗ, "ದೂರ ಕೂತು ಬುದ್ಧಿ ಹೇಳೋದು ಸುಲಭ, ಬಂದು ಒಂದಿನ ಅವಳ ಬಟ್ಟೆ ಬದಲಾಯಿಸಿ ನೋಡು" ಅಂದೆ. ವಯಸ್ಸಿನ ಮರೆವು ಎಂದು ನಾನೇ ತೀರ್ಮಾನ ಮಾಡಿದೆ. ಅವಳನ್ನು ಆಶ್ರಮಕ್ಕೆ ಸೇರಿಸಿ, ಮರುತಿಂಗಳೇ ಮನೆ, ಹಸು ಎಲ್ಲ ಮಾರಿಬಿಟ್ಟೆ.

ಅಲ್ಲಿನ ನರ್ಸ್ ಮೆರೆಸೇನಿ ಫಿಜಿಯವಳು. ಅಮ್ಮನ ರಕ್ತದ ವರದಿ ಬಂದ ದಿನ, ಮನೆಯಲ್ಲಿ ಮಾತ್ರೆ ಹೇಗೆ ಕೊಡುತ್ತಿದ್ದಿರಿ ಎಂದು ಕೇಳಿದಳು. ನಾನು ಹೇಳಿದೆ. "ಕ್ಯಾಲ್ಸಿಯಂ, ಕಬ್ಬಿಣ ಎರಡೂ ಜೊತೆಗಿದ್ರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ ಕೋರಲ್, ಹಾಲಿನ ಜೊತೆಗಂತೂ ಕೊಡ್ಲೇಬಾರ್ದು" ಅಂದಳು. ಡಬ್ಬಿಯ ಮೇಲೆ ಬರೆದೇ ಇತ್ತಂತೆ. ನಾನು ಓದಿರಲಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಬಿಟ್ಟು ತಿಂಡಿ. ಕಬ್ಬಿಣದ್ದು ಮಧ್ಯಾಹ್ನ ಕಿತ್ತಳೆ ರಸದ ಜೊತೆ, ಕ್ಯಾಲ್ಸಿಯಂ ಸಂಜೆ ಊಟಕ್ಕೆ. ನಿನಗೂ ಥೈರಾಯ್ಡ್ ಇದೆ, ನೀನು ಹೇಗೆ ತಗೊಳ್ಳುತ್ತೀಯೋ ನೋಡಿಕೋ.

ಇಷ್ಟೇ ಬದಲಾವಣೆಗೆ ಎರಡು ತಿಂಗಳಲ್ಲಿ ಅಮ್ಮ ಚೇತರಿಸಿಕೊಂಡಳು. ಮೊದಲು ಕೇಳಿದ್ದು, "ಹಸುಗಳನ್ನ ಯಾರು ಕರೀತಿದಾರೆ?" ಎಂದು. ಹಸುಗಳಿಲ್ಲ, ಮನೆಯಲ್ಲಿ ಬೇರೆಯವರಿದ್ದಾರೆ ಅಂದೆ. ಕಿಟಕಿಯ ಕಡೆ ನೋಡುತ್ತಾ, "ಡಾಫ್ನಿ ಕೂಡಾನಾ?" ಅಂದಳು. ಅವಳೇ ಬಾಟಲಿ ಹಾಲು ಕುಡಿಸಿ ಸಾಕಿದ ಹಸು ಅದು. ಹೂಂ ಅಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

ನೀನು ಹೇಳಿದ್ದೇ ಸರಿ ಇತ್ತು, ಗ್ಲೆನಿಸ್. ಅವಳಿಗೆ ಎಚ್ಚರವಾದಾಗ ಹೋಗಲು ಮನೆಯಿಲ್ಲದ ಹಾಗೆ ಮಾಡಿದವಳು ನಾನು. ಒಮ್ಮೆ ಬಾ.

ನಿನ್ನ ಅಕ್ಕ,
ಕೋರಲ್

ತಾ.ಕ.: ಫೋನಿನ ವಿಷಯ ಬರೆಯದೆಯೇ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮಾತ್ರೆಗಳನ್ನು ಹಾಗೆ ಕೊಡು ಅಂತ ನಿನಗ್ಯಾರು ಹೇಳಿದ್ದು ಎಂದು ಅಮ್ಮ ಕೇಳಿದಾಗ, ನನ್ನ ಬಾಯಿಂದ ನಿನ್ನ ಹೆಸರು ಬಂತು. ಅವಳು ನಂಬಿದಳು. "ತನ್ನ ಮಾತಿನಿಂದ ಹೀಗಾಯ್ತು ಅಂತ ಅವಳಿಗೆ ಗೊತ್ತಾಗೋದು ಬೇಡ, ನೊಂದ್ಕೋತಾಳೆ. ಮಾತಾಡಕ್ಕೆ ಕೂತ್ರೆ ನನ್ನ ಬಾಯಲ್ಲಿ ನಿಲ್ಲಲ್ಲ" ಎಂದು ಅವತ್ತಿನಿಂದ ನಿನ್ನ ಫೋನು ಬಂದಾಗೆಲ್ಲ ನಿದ್ದೆ ಬಂದವಳ ಹಾಗೆ ಮಲಗುತ್ತಾಳೆ. ನಾನಿನ್ನೂ ಅವಳಿಗೆ ನಿಜ ಹೇಳಿಲ್ಲ.