ಅಲುಗದ ಗೆರೆ

ನವೆಂಬರ್ 4, ಮಂಗಳವಾರ

ಮತ್ತೆ ಸೊನ್ನೆ. ಹೀಲಿಯಂ ತುಂಬಿಸಿ, ಸ್ಯಾಂಪಲ್ ತಣ್ಣಗಾಗುವವರೆಗೆ ಕಾದು, ಲೇಸರ್ ಬಿಟ್ಟು ಅಳೆದೆ. ಕ್ವಾಂಟಮ್ ಡಾಟ್ ಎಂಬ ಹರಳಿನ ಅತಿಸಣ್ಣ ಚುಕ್ಕೆಯ ಬೆಳಕು, ಪರದೆಯ ಮೇಲೆ ಒಂದೇ ಗೆರೆ. ಬೆಳಕಿನ ದಾರಿಯಲ್ಲಿರುವ ಪ್ಲೇಟ್ ಪೂರ್ತಿ ಒಂದು ಸುತ್ತು ತಿರುಗಿದರೂ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಲ್ಯಾಬಿನ ಮುಖ್ಯಸ್ಥೆ ಮೇಡಂಗೆ ಸ್ವರ್ಗಕ್ಕೆ ಮೂರೇ ಗೇಣು.

ಸ್ಯಾಂಪಲ್ ಬೆಳೆಸಿದ್ದು ಭಾವ, ಅಕ್ಕನ ಗಂಡ. ಈ ತಿಂಗಳ ಕೊನೆಗೆ ಅವರ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಸೊನ್ನೆ ನಿಜವೆಂದು ಸಾಬೀತಾದರೆ ಕೆಲಸ ಕಾಯಂ. ಹದಿನಾಲ್ಕಕ್ಕೆ ಹೊರಗಿನ ತಂಡ ಬಂದು ಅಳತೆಯನ್ನು ಕಣ್ಣಾರೆ ನೋಡುತ್ತದೆ.

ಸಂಜೆ ಅವರ ಮನೆಯಲ್ಲಿ ಊಟ. ಏನು ಸೊನ್ನೆಯೋ ಎಂದಳು ಅಕ್ಕ. ಎಲೆಕ್ಟ್ರಾನ್ ಎದ್ದು ಹೋದರೆ ಉಳಿಯುವ ಖಾಲಿ ಜಾಗವೇ ಹೋಲ್. ಎರಡೂ ಒಂದೇ ಪುಟ್ಟ ಡಾಟ್‌ನಲ್ಲಿ ಸಿಕ್ಕಿಕೊಂಡಾಗ ಒಂದರ ಸ್ಪಿನ್ ಇನ್ನೊಂದಕ್ಕೆ ತಟ್ಟುತ್ತದೆ, ಅದಕ್ಕೆ ಎಕ್ಸ್‌ಚೇಂಜ್ ಎನ್ನುತ್ತೇವೆ. ಡಾಟ್ ಚೂರು ಸೊಟ್ಟಗಿದ್ದರೂ ಬೆಳಕಿನ ಗೆರೆ ಎರಡಾಗಿ ಸೀಳುತ್ತದೆ. ಪ್ಲೇಟ್ ತಿರುಗಿಸಿದರೆ ಒಮ್ಮೆ ಇದು, ಒಮ್ಮೆ ಅದು ಕಂಡು ಗೆರೆ ಅಲುಗಿದಂತಿರುತ್ತದೆ. ಭಾವನ ಡಾಟ್ ಅಷ್ಟು ದುಂಡಗಿದೆ, ಸೀಳೇ ಇಲ್ಲ, ಅದೇ ಸೊನ್ನೆ ಎಂದೆ.

"ಗಂಡ-ಹೆಂಡ್ತಿ ಥರ ಅನ್ನು. ಒಂದೇ ಕೋಣೇಲಿದ್ದು ಸೀಳಿಲ್ಲ ಅಂದ್ರೆ ಯಾರು ನಂಬ್ತಾರೆ?"

ಭಾವ ನಗಲಿಲ್ಲ.

ನವೆಂಬರ್ 6, ಗುರುವಾರ

ಪರೀಕ್ಷೆಗೆಂದು ಹಳೆಯ ಸ್ಯಾಂಪಲ್ ಹಾಕಿದೆ. ಅದರಲ್ಲಿ ಸೀಳಿರುವುದು ಎಲ್ಲರಿಗೂ ಗೊತ್ತು. ಅದೂ ಸೊನ್ನೆ ತೋರಿಸಿತು.

ಪ್ಲೇಟ್ ಇರುವ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮೋಟರ್ ಉಂಗುರವನ್ನು ತಿರುಗಿಸುತ್ತಿದೆ, ಕಂಪ್ಯೂಟರಿನಲ್ಲಿ ಕೋನ ಬದಲಾಗುತ್ತಿದೆ. ಉಂಗುರದೊಳಗಿನ ಪ್ಲೇಟ್ ಮಾತ್ರ ನಿಂತಲ್ಲೇ ನಿಂತಿದೆ. ಹಿಡಿದಿಡುವ ಸ್ಕ್ರೂ ಸಡಿಲ.

ಬಿಗಿ ಮಾಡಿ ಭಾವನ ಸ್ಯಾಂಪಲ್ ಹಾಕಿದೆ. ಗೆರೆ ಎಡಕ್ಕೂ ಬಲಕ್ಕೂ ತೂಗಾಡಿತು. ಸೀಳು ಇದೆ. ಸಣ್ಣದಲ್ಲ.

ಯಾರಿಗೂ ಹೇಳಲಿಲ್ಲ. ನುಂಗಲೂ ಆಗದು, ಉಗುಳಲೂ ಆಗದು.

ನವೆಂಬರ್ 10, ಸೋಮವಾರ

ಸ್ಕ್ರೂ ಮತ್ತೆ ಸಡಿಲ. ಪಂಪಿನ ನಡುಕಕ್ಕೆ ಇರಬಹುದು... ಬಿಗಿ ಮಾಡಿದೆ.

ನವೆಂಬರ್ 11, ಮಂಗಳವಾರ

ಮತ್ತೆ ಸಡಿಲ. ಒಂದೇ ದಿನದಲ್ಲಿ.

ಪಂಪ್ ಅಲ್ಲ. ಲ್ಯಾಬಿನ ಬೀಗದ ಕೈ ಇರುವುದು ಮೂವರ ಹತ್ತಿರ. ಮೇಡಂ ಊರಲ್ಲಿಲ್ಲ. ನಾನು ಸಡಿಲಿಸಿಲ್ಲ. ಉಳಿದವರು — ಬರೆಯಲಾರೆ.

ಅಕ್ಕನ ಫೋನ್ ಬಂತು. ಭಾವ ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡುತ್ತಿದ್ದಾರಂತೆ. ಹೂಂಗುಟ್ಟಿದೆ.

ನವೆಂಬರ್ 12, ಬುಧವಾರ

ಬಿಗಿ ಮಾಡಿ, ಪ್ಲೇಟನ್ನು ಉಂಗುರಕ್ಕೆ ಅಂಟಿಸಿಬಿಟ್ಟೆ. ಒಳಗಡೆ ಒಂದು ಹನಿ. ಹೊರಗೆ ಕಾಣುವುದಿಲ್ಲ. ಸ್ಕ್ರೂ ಬಿಚ್ಚಿ ಪ್ಲೇಟನ್ನು ಅಲುಗಿಸಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ನವೆಂಬರ್ 13, ಗುರುವಾರ

ಕ್ಯಾಂಟೀನಿನಲ್ಲಿ ಭಾವ ಬಂದು ಎದುರು ಕೂತರು. ಅಕ್ಕನ ಮಂಡಿನೋವು, ಮನೆಯ ನಲ್ಲಿ ಸೋರುವುದು, ಏನೇನೋ ಮಾತು. ಟೀ ಆರಿತು. ಲೋಟ ನೋಡುತ್ತಲೇ ಕೇಳಿದರು:

"ಅಂಟು ಯಾಕೆ ಹಾಕ್ದೆ?"

ನಾನು ಆ ವಿಷಯ ಎತ್ತಿಯೇ ಇರಲಿಲ್ಲ. ತಾವಾಗಿ ಹೆಗಲು ಮುಟ್ಟಿ ನೋಡಿಕೊಂಡರು.

"ನೀವೇ ಮೇಡಂಗೆ ಹೇಳಿಬಿಡಿ ಭಾವ. ನಾಳೆ ಹೊರಗಿನ ತಂಡ ಬರೋದ್ರೊಳಗೆ."

ಭಾವ ಎದ್ದು ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದರು.

"ಅಳತೆಯೆಲ್ಲ ನಿನ್ನ ಹೆಸರಲ್ಲೇ ಇದೆ ಅಲ್ವಾ?" ಎಂದರು. ಬಹಳ ಮೆತ್ತಗೆ. ಮನೆಯಲ್ಲಿ ಇನ್ನೊಂಚೂರು ಬಡಿಸಲೇ ಎಂದು ಕೇಳುವ ದನಿಯಲ್ಲೇ.

ನಿಜ. ಪ್ರತಿ ಸೊನ್ನೆಯೂ ನನ್ನ ಲಾಗಿನ್‌ನಲ್ಲಿದೆ. ಪ್ಲೇಟ್ ಮುಟ್ಟಿದ್ದೂ ನಾನೇ, ಅಂಟಿಸಿದ್ದೂ ನಾನೇ. ಮೊದಲ ದಿನವೇ ಯಾಕೆ ಬಾಯಿ ಬಿಡಲಿಲ್ಲ ಎಂದರೆ ಏನು ಹೇಳಲಿ? ಅಕ್ಕನ ಮುಖ ನೋಡಿ ಎನ್ನಲೇ?

ನವೆಂಬರ್ 14, ಶುಕ್ರವಾರ, ಬೆಳಿಗ್ಗೆ

ಹೊರಗಿನ ತಂಡ ಬಂದಾಗಿದೆ. ಊರಿಂದ ಮರಳಿದ ಮೇಡಂ ಜೊತೆ ಹಜಾರದಲ್ಲಿ ಟೀ ಕುಡಿಯುತ್ತಿದ್ದಾರೆ. ಇನ್ನೇನು ಒಳಗೆ ಬರುತ್ತಾರೆ. ಸ್ಯಾಂಪಲ್ ತಣ್ಣಗಾಗಿದೆ.

ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಗಡ್ಡ ಹೆರೆಯುವಾಗ ಕೊಯ್ದುಕೊಂಡಿದ್ದಾರೆ.

"ಮೇಡಂ ಹತ್ರ ನಾನೇ ಮಾತಾಡ್ತೀನಿ. ನೀನು ಇಲ್ಲೇ ಇರು," ಎಂದರು.

ಏನೆಂದು ಮಾತಾಡುತ್ತೀರಿ ಎಂದು ಕೇಳಬೇಕಿತ್ತು.

ಗಾಜಿನ ಬಾಗಿಲು ಮುಚ್ಚಿಕೊಂಡಿತು. ಇಲ್ಲಿ ಪಂಪಿನ ಸದ್ದು ಬಿಟ್ಟರೆ ಏನೂ ಕೇಳಿಸದು. ಕೈಗೆ ಕೆಲಸವಿರಲೆಂದು ಇದನ್ನು ಬರೆಯುತ್ತಿದ್ದೇನೆ. ಭಾವ ತಲೆ ತಗ್ಗಿಸಿದ್ದಾರೆ. ತುಟಿ ಅಲುಗುತ್ತಿದೆ. ಮೇಡಂ ನಗುತ್ತಿದ್ದವರು ನಿಲ್ಲಿಸಿದರು. ಭಾವನ ಕೈ ಎದ್ದಿತು — ತಮ್ಮ ಎದೆಯ ಕಡೆಗೋ, ಬಾಗಿಲಿನ ಕಡೆಗೋ... ಮೇಡಂ ನನ್ನ ಕಡೆ ತಿರುಗಿ ಬಾಗಿಲಿಗೆ ಕೈ ಹಾಕಿದರು. ಬರೆಯುವುದು ನಿಲ್ಲಿಸುತ್ತೇನೆ.